ಪಿಎಸ್5 ಸ್ಲಿಮ್: ಡಿಸ್ಕ್ ಇರುವುದು ಬೇಕಾ, ಡಿಜಿಟಲ್ ಸಾಕಾ? ಮನೆಯಲ್ಲಿ 14 ಹಳೆಯ ಡಿಸ್ಕ್ ಇವೆ

ತುಂಗಾತೀರ

ನಮಸ್ಕಾರ ಎಲ್ಲರಿಗೂ. ದೀಪಾವಳಿ ಒಳಗೆ ಮನೆಗೆ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5, ಟಿವಿಗೆ ಹಾಕಿ ಗೇಮ್ ಆಡುವ ಕನ್ಸೋಲ್) ತರಬೇಕು ಅಂತ ನಾನು ಮತ್ತು ತಮ್ಮ ಒಂದೂವರೆ ವರ್ಷದಿಂದ ದುಡ್ಡು ಕೂಡಿಸುತ್ತಾ ಬಂದಿದ್ದೇವೆ. ಈಗ ದುಡ್ಡು ಕೈಯಲ್ಲಿದೆ, ಯಾವ ಮಾಡೆಲ್ ಅನ್ನುವುದು ಮಾತ್ರ ತೀರ್ಮಾನ ಆಗಿಲ್ಲ. ನಾನು ಡಿಸ್ಕ್ ಇರುವುದು ಅನ್ನುತ್ತೇನೆ, ಅವನು ಡಿಜಿಟಲ್ (ಡಿಸ್ಕ್ ಡ್ರೈವ್ ಇಲ್ಲದ, ಗೇಮ್ ಡೌನ್‌ಲೋಡ್ ಮಾಡಿಯೇ ಆಡುವ ಮಾಡೆಲ್) ಸಾಕು ಅನ್ನುತ್ತಾನೆ. 2024ರ ಏಪ್ರಿಲ್‌ನಲ್ಲಿ ಸ್ಲಿಮ್ (ಪಿಎಸ್5ನ ಸಣ್ಣಗಾದ ಹೊಸ ರೂಪ) ಇಲ್ಲಿಗೆ ಬಂದಾಗ ಇದ್ದ ಬೆಲೆಯನ್ನೇ ಶಿವಮೊಗ್ಗದ ಅಂಗಡಿಯಲ್ಲೂ ಹೇಳಿದರು. ಡಿಸ್ಕ್ ಇರುವುದಕ್ಕೆ 54,990, ಡಿಜಿಟಲ್‌ಗೆ 44,990. ಹತ್ತು ಸಾವಿರ ನಮಗೆ ಸಣ್ಣ ದುಡ್ಡಲ್ಲ, ಅಷ್ಟರಲ್ಲಿ ಎರಡನೇ ಕಂಟ್ರೋಲರ್ ಬಂದು ಇನ್ನೂ ಸ್ವಲ್ಪ ಉಳಿಯುತ್ತದೆ.

ಮನೆ ಪರಿಸ್ಥಿತಿ ಹೇಳಿಬಿಡುತ್ತೇನೆ. ನಾವಿರುವುದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ. ಫೈಬರ್ ಬಂದಿದೆ, 40 ಎಂಬಿಪಿಎಸ್ ಪ್ಲಾನ್. ಮಳೆಗಾಲದಲ್ಲಿ ಮರ ಬಿದ್ದರೆ ಎರಡು ಮೂರು ದಿನ ಇಂಟರ್ನೆಟ್ ಇರುವುದಿಲ್ಲ, ಕರೆಂಟ್ ಕಥೆಯೂ ಅಷ್ಟೇ. 2017ರಲ್ಲಿ ತಗೊಂಡ ಪಿಎಸ್4 ಈಗಲೂ ಓಡುತ್ತಿದೆ, ಫ್ಯಾನ್ ಸದ್ದು ಮಾತ್ರ ಪಕ್ಕದ ಕೋಣೆಗೂ ಕೇಳುತ್ತದೆ. ಅದರ 14 ಡಿಸ್ಕ್‌ಗಳು ಕಪಾಟಿನಲ್ಲಿವೆ. ನಾನು ಕಥೆ ಇರುವ ಗೇಮ್ ಆಡುವವನು, ಒಂದು ಮುಗಿಸಿ ಇನ್ನೊಂದು. ತಮ್ಮನಿಗೆ ವರ್ಷಪೂರ್ತಿ ಫುಟ್‌ಬಾಲ್ ಒಂದೇ.

ಇನ್ನೊಂದು ವಿಷಯ. ಅಕ್ಕ, ಭಾವ ನ್ಯೂಜೆರ್ಸಿಯಲ್ಲಿದ್ದಾರೆ, ಜನವರಿಯಲ್ಲಿ ಊರಿಗೆ ಬರುತ್ತಾರೆ. ಅವಸರ ಮಾಡಬೇಡಿ, ನಾನೇ ತರುತ್ತೇನೆ ಅಂತ ಭಾವ ಹೇಳುತ್ತಿದ್ದಾರೆ. ತರಿಸಿದರೆ ಒಳ್ಳೆಯದಾ? ಮತ್ತೆ ಆಟದ ವೇಗ, ಚಿತ್ರ ಇದರಲ್ಲಿ ಎರಡಕ್ಕೂ ಏನಾದರೂ ವ್ಯತ್ಯಾಸ ಇದೆಯಾ? ಎರಡೂ ಮಾಡೆಲ್ ಬಳಸಿದವರು ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಮೈಸೂರ್_ಕಂಟ್ರೋಲರ್

ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಉತ್ತರ: ಆಟದಲ್ಲಿ ಯಾವ ವ್ಯತ್ಯಾಸವೂ ಇಲ್ಲ. 2024ರಲ್ಲಿ ಇಲ್ಲಿಗೆ ಬಂದ ಎರಡೂ ಸ್ಲಿಮ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್, 16 ಜಿಬಿ ಮೆಮೊರಿ, 1 ಟಿಬಿ ಎಸ್‌ಎಸ್‌ಡಿ (ಗೇಮ್ ತುಂಬಿಡುವ ಸ್ಟೋರೇಜ್), ಎಲ್ಲ ಒಂದೇ. ಒಂದಕ್ಕೆ ಪಕ್ಕದಲ್ಲಿ ಡ್ರೈವ್ ಇದೆ, ಇನ್ನೊಂದಕ್ಕೆ ಇಲ್ಲ, ಅಷ್ಟೇ.

ಈಗ ನಿಮ್ಮ ಕಪಾಟಿನ ವಿಷಯ. 14 ಡಿಸ್ಕ್ ಇಟ್ಟುಕೊಂಡು ಡಿಜಿಟಲ್ ತಗೊಳ್ಳುವ ಯೋಚನೆಯನ್ನೇ ಬಿಡಿ ಅನ್ನುತ್ತೇನೆ. ಪಿಎಸ್4 ಗೇಮ್‌ಗಳು ಹೆಚ್ಚೂಕಡಿಮೆ ಎಲ್ಲವೂ ಪಿಎಸ್5ನಲ್ಲಿ ಓಡುತ್ತವೆ, ಆದರೆ ನಿಮ್ಮದು ಡಿಸ್ಕ್ ರೂಪದಲ್ಲಿದ್ದರೆ ಡಿಸ್ಕ್ ಹಾಕಲೇಬೇಕು. ಡಿಸ್ಕ್ ತೋರಿಸಿ ಅದರ ಡಿಜಿಟಲ್ ಪ್ರತಿ ಕೊಡಿ ಅಂತ ಕೇಳುವ ವ್ಯವಸ್ಥೆ ಇಲ್ಲ. ಡಿಜಿಟಲ್ ತಗೊಂಡ ದಿನವೇ ಆ 14 ಗೇಮ್ ಹೊಸ ಯಂತ್ರದ ಮಟ್ಟಿಗೆ ಇಲ್ಲದ ಹಾಗೆ. ಕೆಲವು ಪಿಎಸ್4 ಗೇಮ್‌ಗಳಿಗೆ ಪಿಎಸ್5 ಆವೃತ್ತಿ ಪುಕ್ಕಟೆಯಾಗಿ ಅಥವಾ ಸ್ವಲ್ಪ ದುಡ್ಡಿಗೆ ಸಿಗುತ್ತದೆ, ಅದಕ್ಕೂ ಡಿಸ್ಕ್ ಒಳಗಿರಬೇಕು.

ಎರಡನೆಯದು ಮಾರಾಟ. ನಾನೂ ನಿಮ್ಮ ಥರಾನೇ, ಕಥೆ ಮುಗಿದ ಮೇಲೆ ಆ ಗೇಮ್ ಮತ್ತೆ ಮುಟ್ಟುವುದಿಲ್ಲ. ದೊಡ್ಡ ಗೇಮ್ ಹೊಸದಾಗಿ ಬಂದಾಗ ಐದು ಸಾವಿರದ ಹತ್ತಿರ ಇರುತ್ತದೆ. ನಾನು ತಗೊಂಡು, ಮೂರು ನಾಲ್ಕು ವಾರದಲ್ಲಿ ಮುಗಿಸಿ, ಇನ್ನೂ ಎಲ್ಲರಿಗೂ ಬೇಕಾಗಿರುವಾಗಲೇ ಮೂರು ಸಾವಿರದ ಆಸುಪಾಸಿಗೆ ಕೊಟ್ಟುಬಿಡುತ್ತೇನೆ. ನನಗೆ ಬಿದ್ದದ್ದು ಎರಡು ಸಾವಿರ. ಹೀಗೆ ಮೂರು ನಾಲ್ಕು ಗೇಮ್ ಆಡಿದರೆ ನಿಮ್ಮ ಹತ್ತು ಸಾವಿರ ವಾಪಸ್ ಬಂತು. ಬೆಂಗಳೂರಿಗೆ ಹೋದಾಗ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ಗೆ ಹೋಗಿ ನೋಡಿ, ಹಳೆಯ ಡಿಸ್ಕ್ ಕೊಟ್ಟು ಬೇರೆಯದು ತಗೊಂಡು ಬರಬಹುದು, ನಾನು ಕಾಲೇಜು ದಿನಗಳಿಂದ ಮಾಡುತ್ತಿರುವುದು ಅದನ್ನೇ. ಊರಲ್ಲಿ ನಾಲ್ಕು ಜನ ಆಡುವವರಿದ್ದರೆ ಮಾರುವುದೂ ಬೇಡ, ಕೈ ಬದಲಾಯಿಸಿಕೊಂಡರೆ ಸಾಕು. ಡೌನ್‌ಲೋಡ್ ಮಾಡಿದ ಗೇಮ್‌ನಲ್ಲಿ ಇದ್ಯಾವುದೂ ಆಗುವುದಿಲ್ಲ, ಅದು ನಿಮ್ಮ ಅಕೌಂಟ್‌ಗೆ ಅಂಟಿಕೊಂಡಿರುತ್ತದೆ.

ಒಂದು ತಪ್ಪು ಕಲ್ಪನೆ ತುಂಬಾ ಜನಕ್ಕೆ ಇದೆ, ಡಿಸ್ಕ್ ತಗೊಂಡರೆ ಜಾಗ ಉಳಿಯುತ್ತದೆ ಅಂತ. ಉಳಿಯುವುದಿಲ್ಲ. ಡಿಸ್ಕ್‌ನಿಂದ ಎಲ್ಲವೂ ಎಸ್‌ಎಸ್‌ಡಿಗೆ ಕಾಪಿ ಆಗುತ್ತದೆ, ಆಮೇಲೆ ಆಡುವಾಗ ಡಿಸ್ಕ್ ಒಳಗೆ ಇರಬೇಕು ಅಷ್ಟೇ. ಆದರೆ ಡೌನ್‌ಲೋಡ್ ಉಳಿಯುತ್ತದೆ, ಅದು ನಿಮ್ಮ ಲೈನ್‌ಗೆ ದೊಡ್ಡ ವಿಷಯ. 100 ಜಿಬಿ ಗೇಮ್ 40 ಎಂಬಿಪಿಎಸ್‌ನಲ್ಲಿ ಇಳಿಯಲು, ಪೂರ್ತಿ ವೇಗ ಸಿಕ್ಕರೂ, ಐದೂವರೆ ಗಂಟೆ ಬೇಕು.

ಬೆಳ್ಳಂದೂರು_ಬಸ್

ಮೇಲಿನವರ ಮಾತು ನಿಮ್ಮ ಮಟ್ಟಿಗೆ ಸರಿ ಇರಬಹುದು, ಆದರೆ ನಿಮ್ಮ ತಮ್ಮನ ಪರವಾಗಿ ಯಾರಾದರೂ ಮಾತಾಡಬೇಕಲ್ವಾ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಹತ್ತಿರ ಎರಡು ವರ್ಷದಿಂದ ಡಿಜಿಟಲ್ ಇದೆ ಮತ್ತು ನನಗೆ ಒಂದು ದಿನವೂ ಡ್ರೈವ್ ಬೇಕಿತ್ತು ಅನ್ನಿಸಿಲ್ಲ. ನಾನು ಆಡುವುದು ಫುಟ್‌ಬಾಲ್, ಕಾರ್ ರೇಸ್ ಮತ್ತು ಪುಕ್ಕಟೆ ಸಿಗುವ ಒಂದೆರಡು ಆನ್‌ಲೈನ್ ಗೇಮ್. ಪುಕ್ಕಟೆ ಗೇಮ್‌ಗಳನ್ನು ಆನ್‌ಲೈನ್ ಆಡಲು ಪ್ಲೇಸ್ಟೇಷನ್ ಪ್ಲಸ್ (ಸೋನಿಯ ಆನ್‌ಲೈನ್ ಸೇವೆ) ಚಂದಾ ಕೂಡ ಬೇಡ. ಫುಟ್‌ಬಾಲ್‌ಗೆ ಬೇಕು, ಅದನ್ನು ಎರಡೂ ಮಾಡೆಲ್‌ನವರು ಕಟ್ಟಲೇಬೇಕು.

ಫುಟ್‌ಬಾಲ್ ಗೇಮ್ ವರ್ಷಕ್ಕೊಂದು ಬರುತ್ತದೆ, ಮುಂದಿನದು ಬಂದ ದಿನ ಹಿಂದಿನ ವರ್ಷದ ಡಿಸ್ಕ್ ಯಾರೂ ಕೇಳುವುದಿಲ್ಲ. ಹಾಗಾಗಿ ನಿಮ್ಮ ತಮ್ಮನಂಥವರಿಗೆ ಮರುಮಾರಾಟದ ಲೆಕ್ಕ ಹೊಂದುವುದೇ ಇಲ್ಲ. ಅದೂ ಅಲ್ಲದೆ ದಿನಾ ಆಡುವ ಗೇಮ್‌ಗೆ ಡಿಸ್ಕ್ ತೆಗೆದು ಹಾಕಿ ಮಾಡುವುದು ಬೇಜಾರು. ಒಬ್ಬ ಕಥೆ ಗೇಮ್ ಆಡಿ ಎದ್ದ, ಇನ್ನೊಬ್ಬ ಬಂದ, ಡಿಸ್ಕ್ ಬದಲಾಯಿಸಿ, ಮೊದಲನೆಯದನ್ನು ಡಬ್ಬಿಗೆ ಹಾಕದೆ ಟಿವಿ ಮೇಲಿಟ್ಟ, ಗೀರು ಬಿತ್ತು. ಅಣ್ಣ ತಮ್ಮ ಇರುವ ಮನೆಯಲ್ಲಿ ಇದು ನಡೆದೇ ನಡೆಯುತ್ತದೆ.

ಪ್ಲೇಸ್ಟೇಷನ್‌ನ ಆನ್‌ಲೈನ್ ಸ್ಟೋರ್‌ನಲ್ಲಿ ಹಳೆಯ ಗೇಮ್‌ಗಳ ಬೆಲೆ ಅರ್ಧಕ್ಕೆ, ಅದಕ್ಕಿಂತ ಕೆಳಕ್ಕೂ ಇಳಿಯುತ್ತದೆ. ಹೊಸದನ್ನು ಬಂದ ದಿನವೇ ಆಡಬೇಕು ಅನ್ನುವ ಹಟ ಇಲ್ಲದಿದ್ದರೆ ಡಿಜಿಟಲ್ ದುಬಾರಿ ಅಲ್ಲವೇ ಅಲ್ಲ. ಪ್ಲಸ್‌ನ ಎಕ್ಸ್‌ಟ್ರಾ ಚಂದಾ ತಗೊಂಡರೆ ನೂರಾರು ಗೇಮ್ ಸಿಗುತ್ತವೆ, ಚಂದಾ ನಿಂತ ದಿನ ಅವು ಆಡಲು ಬರುವುದಿಲ್ಲ, ಅದು ಗೊತ್ತಿರಲಿ. ಒಂದು ಅಕೌಂಟ್‌ನಲ್ಲಿ ಕೊಂಡ ಗೇಮ್ ಅದೇ ಕನ್ಸೋಲ್‌ನಲ್ಲಿರುವ ಬೇರೆ ಅಕೌಂಟ್‌ನವರೂ ಆಡಬಹುದು, ಅದಕ್ಕೆ ಕನ್ಸೋಲ್ ಶೇರಿಂಗ್ ಅನ್ನುವ ಸೆಟ್ಟಿಂಗ್ ಆನ್ ಇರಬೇಕು. ಅದು ಆನ್ ಇದ್ದರೆ ಇಂಟರ್ನೆಟ್ ಇಲ್ಲದಾಗಲೂ ಗೇಮ್ ಓಡುತ್ತದೆ. ನಿಮ್ಮಂಥ ಊರಿಗೆ ಇದು ಮುಖ್ಯ, ಮರೆಯಬೇಡಿ.

ಡಿಜಿಟಲ್ ತಗೊಳ್ಳುವವರಿಗೆ ಕೈ ಮುಗಿದು ಹೇಳುವ ಮಾತು: ಅಕೌಂಟ್ ಮಾಡುವಾಗ ದೇಶ ಸರಿಯಾಗಿ ಹಾಕಿ, ಆಮೇಲೆ ಬದಲಾಯಿಸಲು ಬರುವುದಿಲ್ಲ. ಎರಡು ಹಂತದ ಲಾಗಿನ್ ಮೊದಲ ದಿನವೇ ಹಾಕಿಕೊಳ್ಳಿ. ನನ್ನ ಗೆಳೆಯನೊಬ್ಬ ಅದೇ ಪಾಸ್‌ವರ್ಡ್ ಎಲ್ಲ ಕಡೆ ಇಟ್ಟು ಅಕೌಂಟ್ ಕಳೆದುಕೊಂಡ, ಐದಾರು ಗೇಮ್ ವಾಪಸ್ ಪಡೆಯಲು ಒಂದು ತಿಂಗಳು ಒದ್ದಾಡಿದ. ಗೇಮ್ ಕೊಂಡ ಮೇಲೆ ಬೇಡ ಅನ್ನಿಸಿದರೆ 14 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು, ಆದರೆ ಡೌನ್‌ಲೋಡ್ ಶುರು ಮಾಡಿರಬಾರದು.

ಪುತ್ತೂರಿನ_ಮಳೆ

ಯಾವ ಮಾಡೆಲ್ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ ಮಾರಾಯ್ರೆ, ಸಿಡಿಲು. ನಮ್ಮ ಕಡೆ ಏಪ್ರಿಲ್, ಮೇ ಮತ್ತೆ ಈಗ ಅಕ್ಟೋಬರ್‌ನಲ್ಲಿ ಸಂಜೆ ಹೊತ್ತು ಗುಡುಗು ಶುರುವಾದರೆ ನಾನು ಮೊದಲು ಓಡುವುದು ಟಿವಿ ಹತ್ತಿರ. ಹಿಂದಿನ ಕನ್ಸೋಲ್‌ನ ಪ್ಲಗ್ ತೆಗೆದಿದ್ದೆ, ಲ್ಯಾನ್ ಕೇಬಲ್ ತೆಗೆಯಲು ಮರೆತಿದ್ದೆ. ರೌಟರ್ ಸುಟ್ಟಿತು, ಅದರ ಜೊತೆ ಕನ್ಸೋಲ್‌ನ ಲ್ಯಾನ್ ಪೋರ್ಟ್ ಕೂಡ ಹೋಯಿತು. ಫೈಬರ್ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ಆ ಫೈಬರ್ ಪೆಟ್ಟಿಗೆಗೆ ಅಡಾಪ್ಟರ್ ಇದೆಯಲ್ಲ, ಅಲ್ಲಿಂದ ಬರುತ್ತದೆ. ಪ್ಲಗ್, ಎಚ್‌ಡಿಎಂಐ, ಲ್ಯಾನ್ ಮೂರನ್ನೂ ತೆಗೆಯಿರಿ. ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಒಮ್ಮೆ ಎಲೆಕ್ಟ್ರಿಷಿಯನ್ ಕರೆದು ನೋಡಿಸಿ.

ಆಮೇಲೆ ಕರೆಂಟ್. ಆಡುವಾಗ ಪಿಎಸ್5 ಸುಮಾರು 200 ವಾಟ್ ಎಳೆಯುತ್ತದೆ, 43 ಇಂಚಿನ ಟಿವಿ ಸೇರಿದರೆ ಮುನ್ನೂರರ ಹತ್ತಿರ. ಕಂಪ್ಯೂಟರ್‌ಗೆ ಇಡುವ 600 ವಿಎ ಯುಪಿಎಸ್ ಅದನ್ನು ಕೆಲವೇ ನಿಮಿಷ ಹಿಡಿದುಕೊಳ್ಳುತ್ತದೆ, ಆದರೆ ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಅಷ್ಟು ಸಾಕು. ಮನೆಗೆ ಇನ್ವರ್ಟರ್ ಇದ್ದರೆ ಸೈನ್ ವೇವ್ ಆಗಿದೆಯಾ ನೋಡಿ, ಹಿಂದುಗಡೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬರುವ ಆ ಒಂದು ಕ್ಷಣದಲ್ಲಿ ಕನ್ಸೋಲ್ ಆರಿಹೋಗುತ್ತದೆ. ರೆಸ್ಟ್ ಮೋಡ್‌ನಲ್ಲಿ (ಪೂರ್ತಿ ಆಫ್ ಆಗದ ಅರೆನಿದ್ದೆ) ಬಿಟ್ಟು ಮಲಗಬೇಡಿ. ರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆ ಸರಿಯಾಗಿ ಆಫ್ ಮಾಡಿಲ್ಲ ಅಂತ ಹೇಳಿ ಸ್ಟೋರೇಜ್ ಪರೀಕ್ಷೆಗೆ ಹೋಗುತ್ತದೆ, ಪದೇ ಪದೇ ಹಾಗಾಗುವುದು ಒಳ್ಳೆಯದಲ್ಲ.

ಡಿಸ್ಕ್ ಬಗ್ಗೆ ನನ್ನ ಅಭಿಪ್ರಾಯ: ಡಿಸ್ಕ್ ಇರಲಿ. ಆದರೆ ಮಲೆನಾಡಿನ ಕಪಾಟಿನಲ್ಲಿ ಏಳು ಮಳೆಗಾಲ ಕಳೆದ ಡಿಸ್ಕ್‌ಗಳು ಅಂದಿರಿ, ಮೊದಲು ತೆಗೆದು ಬೆಳಕಿಗೆ ಹಿಡಿದು ನೋಡಿ. ಬೂಷ್ಟು ಹಿಡಿದಿದ್ದರೆ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ಪ್ರತಿಯೊಂದನ್ನೂ ಈಗಿನ ಪಿಎಸ್4ಗೆ ಹಾಕಿ ಓದುತ್ತದಾ ಅಂತ ನೋಡಿ. 14ರಲ್ಲಿ ಎಷ್ಟು ಬದುಕಿವೆ ಅನ್ನುವುದು ಗೊತ್ತಾದ ಮೇಲೆ ಲೆಕ್ಕ ಹಾಕಿ.

ಎಡಿಸನ್_ಕನ್ನಡಿಗ

ನಾನೂ ನ್ಯೂಜೆರ್ಸಿಯಲ್ಲೇ ಇರುವುದು, ಹೋದ ವರ್ಷ ನಮ್ಮ ಅಣ್ಣನ ಮಗನಿಗೆ ಇಲ್ಲಿಂದ ಒಂದು ತಗೊಂಡು ಹೋಗಿದ್ದೆ. ಹಾಗಾಗಿ ಭಾವನವರ ವಿಷಯ ನಾನು ಹೇಳಬಲ್ಲೆ.

2023ರ ನವೆಂಬರ್‌ನಲ್ಲಿ ಸ್ಲಿಮ್ ಇಲ್ಲಿ ಬಂದಾಗ ಡಿಸ್ಕ್ ಇರುವುದು 499.99 ಡಾಲರ್, ಡಿಜಿಟಲ್ 449.99. ಅಂದರೆ ಇಲ್ಲಿ ಎರಡರ ನಡುವೆ ಐವತ್ತೇ ಡಾಲರ್. ನಮ್ಮಲ್ಲಿ ಹತ್ತು ಸಾವಿರ ರೂಪಾಯಿ. ಆ ಬೆಲೆಗೆ, 2024ರ ಲೆಕ್ಕದಲ್ಲಿ ಡಾಲರ್‌ಗೆ 84 ರೂಪಾಯಿ ಹಿಡಿದು, ನ್ಯೂಜೆರ್ಸಿಯ 6.625 ಶೇಕಡಾ ತೆರಿಗೆ ಸೇರಿಸಿದರೆ ಡಿಸ್ಕ್ ಮಾಡೆಲ್ 45 ಸಾವಿರದ ಒಳಗೆ ಬರುತ್ತಿತ್ತು. ನೋಡಲು ಚೆನ್ನಾಗಿದೆ. ಆದರೆ ಇಲ್ಲಿನ ವಾರಂಟಿ ಇಲ್ಲಿಗೇ, ಊರಲ್ಲಿ ಕೆಟ್ಟರೆ ರಿಪೇರಿ ನಿಮ್ಮ ಖರ್ಚು. ನಾನು ತಗೊಂಡು ಹೋದದ್ದು ಎಂಟನೇ ತಿಂಗಳಿಗೆ ಚಿತ್ರ ಬರದೆ ನಿಂತಿತು, ರಿಪೇರಿಯವನಿಗೆ ಕೊಟ್ಟ ದುಡ್ಡು ಮತ್ತು ಹುಡುಗನ ಸಪ್ಪೆ ಮುಖ ನೋಡಿದ ಮೇಲೆ ಉಳಿಸಿದೆ ಅನ್ನುವ ಖುಷಿ ಪೂರ್ತಿ ಹೋಯಿತು. ವೋಲ್ಟೇಜ್‌ಗೆ ಹೆದರಬೇಡಿ, 100ರಿಂದ 240ರವರೆಗೆ ತಡೆಯುತ್ತದೆ, ವೈರ್ ಮಾತ್ರ ನಮ್ಮ ಪ್ಲಗ್‌ನದು ಹಾಕಿದರೆ ಆಯಿತು. ಗೇಮ್ ಡಿಸ್ಕ್‌ಗಳಿಗೂ ದೇಶದ ಬೀಗ ಇಲ್ಲ.

ನಿಮಗೆ ಮೂರನೇ ದಾರಿಯೊಂದಿದೆ, ಯಾರೂ ಹೇಳಲಿಲ್ಲ. ಸ್ಲಿಮ್ ಡಿಜಿಟಲ್‌ಗೆ ಆಮೇಲೆ ಡ್ರೈವ್ ಜೋಡಿಸಬಹುದು. ಪಕ್ಕದ ಬಿಳಿ ಹೊದಿಕೆ ತೆಗೆದು, ಡ್ರೈವ್ ಒತ್ತಿ ಕೂರಿಸಿ, ಮೊದಲ ಸಲ ಒಮ್ಮೆ ಇಂಟರ್ನೆಟ್ ಕೊಟ್ಟು ನೋಂದಾಯಿಸಿದರೆ ಮುಗಿಯಿತು, ಸ್ಕ್ರೂಡ್ರೈವರ್ ಕೂಡ ಬೇಡ. ಆ ಡ್ರೈವ್ ಬಂದಾಗ ಇಲ್ಲಿ 79.99 ಡಾಲರ್. ಅಂದರೆ ಇಲ್ಲಿನವರಿಗೆ ಮೊದಲೇ ಡಿಸ್ಕ್ ಮಾಡೆಲ್ ತಗೊಳ್ಳುವುದು ಲಾಭ. ನಿಮಗೆ ಉಲ್ಟಾ. ಊರಲ್ಲಿ ವಾರಂಟಿ ಜೊತೆ ಡಿಜಿಟಲ್ ನೀವು ಹೇಳಿದ 44,990ಕ್ಕೆ, ಭಾವನವರ ಕೈಯಲ್ಲಿ ತೆರಿಗೆ ಸೇರಿ ಏಳು ಸಾವಿರ ಚಿಲ್ಲರೆಗೆ ಡ್ರೈವ್, ಒಟ್ಟು 52 ಸಾವಿರ ಚಿಲ್ಲರೆ. ಸುಮಾರು 2,800 ಉಳಿತಾಯ. ದೊಡ್ಡ ಮೊತ್ತ ಅಲ್ಲ. ಆದರೆ ಒಂದೇ ಸಲ ಅಷ್ಟು ದುಡ್ಡು ಹಾಕುವುದು ತಪ್ಪುತ್ತದೆ, ಮತ್ತೆ ಡ್ರೈವ್ ನಿಜವಾಗಿ ಬೇಕಾ ಅನ್ನುವುದು ಎರಡು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ಭಾನುವಾರ ಇಡೀ ಮಧ್ಯಾಹ್ನ ಕೂತು 14 ಡಿಸ್ಕ್ ಒರೆಸಿ ಹಾಕಿ ನೋಡಿದೆವು. 12 ಓದುತ್ತವೆ. ಒಂದಕ್ಕೆ ಗೀರು ಜಾಸ್ತಿ, ಇನ್ನೊಂದರ ಅಂಚಿನಲ್ಲಿ ಬೂಷ್ಟು ಒಳಗೇ ಇಳಿದಿದೆ, ಪುತ್ತೂರಿನವರು ಹೇಳಿದ್ದು ನಿಜ. ಆ 12ರಲ್ಲಿ ನಾನು ಇನ್ನೂ ಮುಗಿಸದವು ಮೂರು.

ಮೂರನೇ ದಾರಿ ತಮ್ಮನಿಗೆ ತುಂಬಾ ಇಷ್ಟ ಆಗಿದೆ. ಎರಡು ಪ್ರಶ್ನೆ ಉಳಿದಿದೆ. ಒಂದು, ಅಂಗಡಿಯಲ್ಲಿ ಕೊಡುವ ಡಿಜಿಟಲ್‌ಗೆ ಡ್ರೈವ್ ಖಂಡಿತ ಕೂರುತ್ತದೆ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ? ಎರಡು, ಅಪ್ಪನ ಹತ್ತಿರ ಯಕ್ಷಗಾನದ ಹಳೆಯ ಸಿಡಿಗಳು ಒಂದು ಚೀಲ ತುಂಬಾ ಇವೆ, ಮನೆಯ ಪ್ಲೇಯರ್ ಕೆಟ್ಟು ನಾಲ್ಕು ವರ್ಷ ಆಯಿತು. ಡ್ರೈವ್ ಬಂದರೆ ಅವನ್ನು ಇದರಲ್ಲಿ ನೋಡಬಹುದಾ? ಅಪ್ಪ ದಿನಾ ಕೇಳುತ್ತಿದ್ದಾರೆ.

ಮೈಸೂರ್_ಕಂಟ್ರೋಲರ್

ಡಬ್ಬಿ ಮೇಲಿನ ಮಾಡೆಲ್ ನಂಬರ್ ನೋಡಿ. ಸಿಎಫ್‌ಐ-2 ಅಂತ ಶುರುವಾದರೆ ಸ್ಲಿಮ್, ಡ್ರೈವ್ ಕೂರುತ್ತದೆ. ಸಿಎಫ್‌ಐ-1 ಅಂತ ಇದ್ದರೆ ಅದು 2020ರ ಹಳೆಯ ದೊಡ್ಡ ಮಾಡೆಲ್, ಅದರ ಡಿಜಿಟಲ್‌ಗೆ ಯಾವತ್ತೂ ಡ್ರೈವ್ ಹಾಕಲು ಆಗುವುದಿಲ್ಲ, ಸ್ಟೋರೇಜ್ ಕೂಡ 825 ಜಿಬಿ. ಸೆಕೆಂಡ್ ಹ್ಯಾಂಡ್ ನೋಡುವವರಿಗೂ ಇದೇ ಮಾತು. ದುಡ್ಡು ಕೊಡುವ ಮುಂಚೆ ನಿಮ್ಮ ಕಣ್ಣಾರೆ ನೋಡಿ.

ಅಪ್ಪನವರ ವಿಷಯಕ್ಕೆ ಬೇಜಾರಾಗುತ್ತದೆ. ಪಿಎಸ್5 ಡಿವಿಡಿ ಮತ್ತು ಬ್ಲೂ-ರೇ ಓದುತ್ತದೆ, ಸಿಡಿ ಓದುವುದಿಲ್ಲ, ವಿಸಿಡಿಯೂ ಇಲ್ಲ. ಯಕ್ಷಗಾನದ್ದು ಹಿಂದೆ ಬರುತ್ತಿದ್ದವು ಬಹಳಷ್ಟು ವಿಸಿಡಿಗಳೇ. ಕವರ್ ಮೇಲೆ ಡಿವಿಡಿ ಅಂತ ಬರೆದಿರುವುದನ್ನು ಬೇರೆ ಮಾಡಿ ಇಡಿ. ಉಳಿದವನ್ನು ಕಂಪ್ಯೂಟರ್ ಡ್ರೈವ್ ಇರುವವರ ಹತ್ತಿರ ಕೊಟ್ಟು ಪೆನ್‌ಡ್ರೈವ್‌ಗೆ ಕಾಪಿ ಮಾಡಿಸಿ, ಅದು ನೇರವಾಗಿ ಟಿವಿಯಲ್ಲೇ ಓಡಬಹುದು. ಡಿಸ್ಕ್‌ಗಳಿಗೆ ಬೂಷ್ಟು ಹಿಡಿಯುವ ಮುಂಚೆ ಆ ಕೆಲಸ ಮಾಡಿಸಿ, ಕನ್ಸೋಲ್‌ಗಿಂತ ಅದು ಅವಸರದ್ದು.

ಎಡಿಸನ್_ಕನ್ನಡಿಗ

ಇದಕ್ಕೆ ಒಂದು ಸೇರಿಸುತ್ತೇನೆ. ಸಿನಿಮಾ ಡಿಸ್ಕ್‌ಗಳಿಗೆ ದೇಶದ ಕೋಡ್ ಇರುತ್ತದೆ, ಗೇಮ್ ಡಿಸ್ಕ್ ಥರ ಅಲ್ಲ. ಹಾಗಾಗಿ ಇಲ್ಲಿಂದ ತಂದ ಡ್ರೈವ್‌ನಲ್ಲಿ ಊರಿನ ಡಿವಿಡಿ ನೋಡೋಣ ಅಂತ ನಂಬಿಕೊಂಡು ದುಡ್ಡು ಹಾಕಬೇಡಿ, ಗೇಮ್‌ಗೆ ಅಂತಲೇ ತಗೊಳ್ಳಿ.

ತುಂಗಾತೀರ

ತೀರ್ಮಾನ ಆಯಿತು. ಬುಧವಾರ ಶಿವಮೊಗ್ಗಕ್ಕೆ ಹೋಗಿ ಸ್ಲಿಮ್ ಡಿಜಿಟಲ್ ತಂದೆವು, ಡಬ್ಬಿ ಮೇಲೆ ಸಿಎಫ್‌ಐ-2 ನೋಡಿಯೇ ದುಡ್ಡು ಕೊಟ್ಟೆ. ಜೊತೆಗೆ ಎರಡನೇ ಕಂಟ್ರೋಲರ್. ಭಾವನಿಗೆ ಫೋನ್ ಮಾಡಿ ಡ್ರೈವ್ ಒಂದೇ ತನ್ನಿ ಅಂದರೆ, ದುಡ್ಡಿನ ಮಾತು ಎತ್ತಿದರೆ ತರುವುದೇ ಇಲ್ಲ ಅಂದರು. ಫುಟ್‌ಬಾಲ್ ರಾತ್ರಿ ಡೌನ್‌ಲೋಡ್‌ಗೆ ಹಾಕಿ, ಕರೆಂಟ್ ಹೋದೀತು ಅಂತ ತಮ್ಮ ಎರಡು ಗಂಟೆವರೆಗೆ ಕಾಯುತ್ತಾ ಕೂತಿದ್ದ. ಅಪ್ಪನ ಚೀಲದಲ್ಲಿ ಒಂಬತ್ತು ಡಿವಿಡಿ ಸಿಕ್ಕವು, ಉಳಿದದ್ದೆಲ್ಲ ವಿಸಿಡಿ. ಪೇಟೆಯ ಸ್ಟುಡಿಯೋದವರು ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರಂತೆ, ನಾಳೆ ಕೊಡುತ್ತೇನೆ.

ಪಿಎಸ್4 ಮಾರಿಬಿಡಲಾ? ಒಬ್ಬರು ಕೇಳುತ್ತಿದ್ದಾರೆ.

ಮೈಸೂರ್_ಕಂಟ್ರೋಲರ್

ಜನವರಿಯವರೆಗೆ ಮಾರಬೇಡಿ. ಡ್ರೈವ್ ಬರುವ ತನಕ ಆ 12 ಡಿಸ್ಕ್ ಓಡುವುದು ಅದರಲ್ಲೇ, ಮುಗಿಸದ ಮೂರನ್ನು ಈಗ ಶುರು ಮಾಡಿ. ಮಾರುವ ಮುಂಚೆ ಸೇವ್‌ಗಳನ್ನು ಯುಎಸ್‌ಬಿಗೆ ಕಾಪಿ ಮಾಡಿಕೊಳ್ಳಿ, ಪಿಎಸ್5ಗೆ ಹಾಕಿದರೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸಬಹುದು. ಹಳೆಯ ಕಂಟ್ರೋಲರ್ ಮಾತ್ರ ಇಟ್ಟುಕೊಳ್ಳಿ, ಪಿಎಸ್4 ಗೇಮ್‌ಗಳಿಗೆ ಅದು ಹೊಸ ಕನ್ಸೋಲ್‌ನಲ್ಲೂ ಕೆಲಸ ಮಾಡುತ್ತದೆ.